ತಂತಿ ಕಚೇರಿಯ ಬೆಳಕು

ಕತ್ತಲೆಗೆ ಹೆದರುವವನು ಕಪ್ಪು-ಬಿಳುಪು ಫೋಟೋದಲ್ಲಿ ಹೆಸರು ಮಾಡುವುದೆಂದರೆ ಈಜು ಬಾರದವನು ದೋಣಿ ಕಟ್ಟಿ ಹೆಸರು ಮಾಡಿದ ಹಾಗೆ. ಆಗಬಾರದೆಂದೇನಿಲ್ಲ; ದೋಣಿಯನ್ನು ನೀರಿಗಿಳಿಸುವವರು ಬೇರೆ ಯಾರಾದರೂ ಇರಬೇಕು, ಅಷ್ಟೇ. ಕಂಬದ ಮೇಷ್ಟ್ರ ಪಾಲಿಗೆ ಆ ಬೇರೆ ಯಾರೋ ಅಂದರೆ ಅವರ ತಂಗಿ.

ಕಂಬದ ಮೇಷ್ಟ್ರು ಎನ್ನುವುದು ಊರು ಇಟ್ಟ ಹೆಸರು. ಐವತ್ತು ವರ್ಷ ಅವರು ಮನುಷ್ಯರ ಮುಖದ ಗೊಡವೆಗೆ ಹೋಗದೆ ಕಟ್ಟಡಗಳ ಫೋಟೋ ತೆಗೆದರು. ಕಂಬ, ಕಮಾನು, ಮೆಟ್ಟಿಲು, ಖಾಲಿ ಮೊಗಸಾಲೆ. ಯಾರೋ ಮದುವೆಗೆ ಕರೆದಾಗ "ಛತ್ರದಲ್ಲಿ ಕಂಬ ಇದೆಯೇನ್ರಿ?" ಎಂದು ಕೇಳಿದರಂತೆ. ಅವರು ಅದನ್ನು ಯಾವತ್ತೂ ಅಲ್ಲಗಳೆದಿಲ್ಲ. ಕಲಾಶಾಲೆಯಲ್ಲಿ ವಾರಕ್ಕೆರಡು ದಿನ ಪಾಠ ಹೇಳುತ್ತಿದ್ದರು. ಪಾಠ ಒಂದೇ.

"ನೋಡ್ರಪ್ಪ, ಫೋಟೋದಲ್ಲಿ ಕಣ್ಣಿಗೆ ಕೂರೋದಕ್ಕೆ ಒಂದು ಮಣೆ ಹಾಕಬೇಕು. ಒಂದೇ ಒಂದು. ಎರಡು ಹಾಕಿದ್ರೆ ಎಲ್ಲಿ ಕೂರೋದು ಅಂತ ಗೊತ್ತಾಗದೆ ನೆಂಟ ಬಾಗಿಲಲ್ಲೇ ನಿಂತ್ಕೋತಾನೆ. ಬಣ್ಣ ಇದ್ರೆ ಕೆಂಪು ಬಾಗಿಲು ತಾನೇ ಕೂಗಿ ಕರೆಯುತ್ತೆ. ನಮ್ಮಲ್ಲಿ ಕೂಗೋರಿಲ್ಲ. ಸುತ್ತ ಕಪ್ಪು ಇಟ್ಟು, ಗೆರೆಗಳನ್ನೆಲ್ಲ ಒಂದೇ ಕಡೆ ಹೊರಳಿಸಿ, ಅಲ್ಲಿ ಬೆಳಕು ಇಡಬೇಕು."

ಈ ಪಾಠಕ್ಕೆ ಸಾಕ್ಷಿಯಾಗಿ ಗೋಡೆಗೆ ತೂಗುಹಾಕುತ್ತಿದ್ದದ್ದೂ ಒಂದೇ ಚಿತ್ರ, ಹಳೆಯ ತಂತಿ ಕಚೇರಿಯ ಒಳಾಂಗಣ. ನಲವತ್ತೈದು ವರ್ಷದ ಹಿಂದಿನದು. ಎಡಕ್ಕೆ ಹದಿನಾಲ್ಕು ಕಂಬ, ಬಲಕ್ಕೆ ಹದಿನಾಲ್ಕು ಕಂಬ, ನಡುವೆ ತಂತಿ ಹಂಚುವವರ ಬೂಟು ಸವೆಸಿದ ಕಲ್ಲುಹಾಸು. ಎಲ್ಲವೂ ಕಿರಿದಾಗುತ್ತ ಹೋಗಿ ದೂರದ ಗೋಡೆಯ ಕತ್ತಲಲ್ಲಿ ಮುಳುಗುತ್ತವೆ. ಆ ಕತ್ತಲ ನಡುವೆ ಅಕ್ಕಿಕಾಳಿನಷ್ಟು ಬೆಳಕು. ಕೋಣೆಗೆ ಯಾರು ಬಂದರೂ ಮೊದಲು ಆ ಕಾಳನ್ನೇ ನೋಡುತ್ತಿದ್ದರು, ಆಮೇಲೆ ಮೇಷ್ಟ್ರನ್ನು.

"ಅದನ್ನ ನಾನು ಇಟ್ಟಿದ್ದಲ್ಲ," ಎನ್ನುತ್ತಿದ್ದರು ಮೇಷ್ಟ್ರು, ಇಲ್ಲಿ ದನಿ ತಗ್ಗಿಸಿ. "ಕಟ್ಟಡಕ್ಕೂ ಕಣ್ಣಿದೆ. ಅದು ತೆರೆಯೋ ತನಕ ಕಾಯಬೇಕು. ಅವತ್ತು ಮೂರೂಮುಕ್ಕಾಲಿಗೆ ಹಿಂದಿನ ಗವಾಕ್ಷಿಗೆ ಸೂರ್ಯ ಬಂದ. ನಾನು ಬರೀ ಕಾದೆ."

ಒಬ್ಬ ಹುಡುಗ ಮಾತ್ರ ಒಂದು ವರ್ಷ ನಕ್ಷೆ ಹಿಡಿದು ಬಂದು, "ಸರ್, ಆ ಗೋಡೆ ಇರೋದು ಉತ್ತರಕ್ಕೆ. ಗವಾಕ್ಷಿ ಹಿಂದೆ ಉಗ್ರಾಣ. ಸೂರ್ಯ ಯಾವ ದಾರೀಲಿ ಬಂದ?" ಎಂದು ಕೇಳಿದ. ಆ ವರ್ಷ ಅವನು ಪಾಸಾದ. ಅಷ್ಟೇ ಆದ.

ಅಣ್ಣ-ತಂಗಿಯ ನಡುವೆ ಕೆಲಸದ ಹಂಚಿಕೆ ಮೊದಲಿನಿಂದಲೂ ಖಚಿತವಾಗಿತ್ತು. ಅಣ್ಣ ಫೋಟೋ ತೆಗೆದು, ಫಿಲ್ಮಿನ ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯ ಬಾಗಿಲಲ್ಲಿ ತಂಗಿಯ ಕೈಗಿಟ್ಟು, ಮಹಡಿ ಹತ್ತುತ್ತಿದ್ದ. ಒಳಗೆ ಕಾಲಿಡುತ್ತಿರಲಿಲ್ಲ. "ಆ ವಾಸನೆ ನನಗೆ ಒಗ್ಗಲ್ಲ" ಎನ್ನುವುದು ಜಗತ್ತಿಗೆ ಹೇಳುವ ಕಾರಣ. ನಿಜವಾದ ಕಾರಣ ಒಂದು ಮರದ ಪೆಟ್ಟಿಗೆ. ಹನ್ನೊಂದು ವರ್ಷದವನಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತ ಹಾಸಿಗೆ ತುಂಬುವ ಪೆಟ್ಟಿಗೆಯಲ್ಲಿ ಅಡಗಿದ್ದ. ಕೊಂಡಿ ತಾನಾಗಿ ಬಿತ್ತು. ಹುಡುಕುವ ಸರದಿ ಐದು ವರ್ಷದ ತಂಗಿಯದು. ಅವಳಿಗೆ ಕೊಂಡಿ ಎಟುಕಲಿಲ್ಲ. ದೊಡ್ಡವರು ಬರುವ ತನಕ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತು, ತನಗೆ ಗೊತ್ತಿದ್ದ ಎರಡರ ಮಗ್ಗಿಯನ್ನೇ ಮತ್ತೆ ಮತ್ತೆ ಗಟ್ಟಿಯಾಗಿ ಹೇಳಿದ್ದಳು. ಆಮೇಲೆ ಕತ್ತಲೆಯ ಕೆಲಸವೆಲ್ಲ ಅವಳಿಗೇ ಬಂತು. ಯಾರೂ ಹಂಚಿದ್ದಲ್ಲ, ಉಳಿದದ್ದು ಬಂತು.

ತಂತಿ ಕಚೇರಿಯನ್ನು ಕೆಡವಿ ಇಪ್ಪತ್ತು ವರ್ಷವಾಯಿತು. ಈಗ ಆ ಜಾಗದಲ್ಲಿ ಮ್ಯೂಸಿಯಂ ಎದ್ದಿದೆ. ಅಲ್ಲಿಯ ಮೊದಲ ಪ್ರದರ್ಶನ ನೋಡಿಕೊಳ್ಳುವ ಮೇಡಂ ಒಂದು ಸೋಮವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಬಂದು ಕಾಫಿ ಕುಡಿದರು. ದೊಡ್ಡ ಹಾಲಿನ ಕೊನೆಯ ಗೋಡೆಗೆ ಆ ಚಿತ್ರವೇ ಬೇಕು. ಆದರೆ ಇದ್ದ ಮೂರು ಪ್ರಿಂಟುಗಳಲ್ಲಿ ಒಂದು ಹಳದಿಯಾಗಿದೆ, ಒಂದಕ್ಕೆ ಬೂಷ್ಟು, ಇನ್ನೊಂದು ಯಾರ ಮನೆಯಲ್ಲಿದೆಯೋ ಆ ಮನೆಯವರಿಗೇ ಗೊತ್ತಿಲ್ಲ.

"ನೆಗೆಟಿವ್ ಕೊಡಿ ಸರ್. ಸ್ಕ್ಯಾನ್ ಮಾಡಿ ಎರಡೇ ದಿನದಲ್ಲಿ ವಾಪಸ್ ಕೊಡ್ತೀವಿ."

"ನೆಗೆಟಿವ್ ಮನೆ ಬಿಟ್ಟು ಹೋಗಲ್ಲ," ಎಂದಳು ತಂಗಿ, ಅಡಿಗೆಮನೆಯಿಂದ.

"ಇಲ್ಲೇ ಬಂದು ಸ್ಕ್ಯಾನ್…"

"ಯಾರ ಕಣ್ಣಿಗೂ ಬೀಳಲ್ಲ."

ಮೇಡಂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಲೋಟದ ತಳ ನೋಡಿದರು. "ಶನಿವಾರ ಕೊನೆ ದಿನ ಸರ್," ಎಂದು ಮೇಡಂ ಎದ್ದರು. "ಇಲ್ಲಾಂದ್ರೆ ಆ ಗೋಡೆಗೆ ಹೊಸ ಕಟ್ಟಡದ ಬಣ್ಣದ ಫೋಟೋ ಹಾಕಿ ಅಂತ ಮೇಲಿನವರು ಹೇಳಿದ್ದಾರೆ."

ಬಣ್ಣದ ಫೋಟೋ ಎಂಬ ಮಾತು ಮೇಷ್ಟ್ರ ಎದೆಗೆ ನಾಟಿತು. ಮೇಡಂ ಗೇಟು ದಾಟಿದ್ದೇ ತಡ, ಅಡಿಗೆಮನೆಗೆ ನುಗ್ಗಿದರು.

"ನಿನಗೇನು ತಲೆ ಕೆಟ್ಟಿದೆಯೇನೆ? ನನ್ನ ಆಯುಷ್ಯದಲ್ಲಿ ಉಳಿಯೋದು ಅದೊಂದೇ ಚಿತ್ರ. ಅದನ್ನೂ ಗೋಡೆಯಿಂದ ಇಳಿಸ್ತೀಯಾ?"

"ಪ್ರಿಂಟ್ ಬೇಕು ತಾನೇ? ಇಲ್ಲೇ ಮಾಡೋಣ."

"ಯಾರು ಮಾಡೋದು?"

ಕೇಳಿದ ಮೇಲೆ ಅವರಿಗೇ ಕೆಡುಕೆನಿಸಿತು. ಎರಡು ವರ್ಷದಿಂದ ಅವಳ ಕೈ ನಡುಗುತ್ತಿತ್ತು. ಅವಳ ಲೋಟಕ್ಕೆ ಅವರು ಮುಕ್ಕಾಲು ಮಾತ್ರ ಕಾಫಿ ಸುರಿಯುತ್ತಿದ್ದರು. ಅವಳು ಅದನ್ನು ಗಮನಿಸಿದರೂ ಗಮನಿಸದವಳಂತೆ ಕುಡಿಯುತ್ತಿದ್ದಳು.

"ಕಣ್ಣು ನಂದು, ಬಾಯಿ ನಂದು," ಎಂದಳು ತಂಗಿ. "ಕೈ ನಿಂದು. ನಾಳೆ ಬೆಳಿಗ್ಗೆ ಹತ್ತಕ್ಕೆ. ಹಳೇ ಅಂಗಿ ಹಾಕ್ಕೊಂಡು ಬಾ."

ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮೇಷ್ಟ್ರು ಮೊದಲ ಸಲ ತಮ್ಮ ಮನೆಯ ಮೆಟ್ಟಿಲ ಕೆಳಗೆ ನುಗ್ಗಿದರು. ಒಳಗೆ ಹುಳಿ ವಾಸನೆ. ನಿಜವಾಗಿಯೂ ಇತ್ತು, ಅಷ್ಟು ವರ್ಷ ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲವೆಂದು ಅವರಿಗೆ ತುಸು ಸಮಾಧಾನವೇ ಆಯಿತು. ಒಂದು ಮೇಜಿನ ಮೇಲೆ ಚಿತ್ರ ಹಿಗ್ಗಿಸುವ ಎನ್‌ಲಾರ್ಜರ್, ಇನ್ನೊಂದರ ಮೇಲೆ ಸಾಲಾಗಿ ಮೂರು ಟ್ರೇ, ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿ, ಹಗ್ಗದ ಮೇಲೆ ಬಟ್ಟೆ ಕ್ಲಿಪ್ಪುಗಳು. ಗೋಡೆಗೆ ಆನಿಸಿದ ಸ್ಟೂಲಿನ ಮೇಲೆ ತಂಗಿ. ಅವಳು ಬಾಗಿಲು ಎಳೆದುಕೊಂಡಳು. ಮಂಕಾದ ಕೆಂಪು ದೀಪವೊಂದು ಬಿಟ್ಟರೆ ಏನೂ ಕಾಣಲಿಲ್ಲ. ಮೇಷ್ಟ್ರ ಕೈ ಬಾಗಿಲ ಚಿಲಕ ಹುಡುಕಿತು.

"ಹದಿಮೂರೊಂದ್ಲ ಹದಿಮೂರು," ಎಂದಿತು ಕತ್ತಲೆ. "ಹದಿಮೂರೆರಡ್ಲ ಇಪ್ಪತ್ತಾರು. ಹದಿಮೂರ್ಮೂರ್ಲ ಮೂವತ್ತೊಂಬತ್ತು."

"ಏನೇ ಇದು?"

"ಗಡಿಯಾರ. ಕೈ ಎರಡೂ ಕೆಲಸದಲ್ಲಿ ಇರುತ್ತಲ್ಲ, ಮುಳ್ಳು ನೋಡೋರು ಯಾರು? ಹದಿಮೂರರ ಮಗ್ಗಿ ಒಂದು ಸಲ ಹೇಳಿದ್ರೆ ಹನ್ನೆರಡು ಸೆಕೆಂಡು. ಏಳರದ್ದು ಎಂಟು. ಆಗಿನಿಂದ ಹಾಗೇ ಮಾಡಿದ್ದು. ಉಸಿರಾಡು. ಯಾರೂ ಕೊಂಡಿ ಹಾಕಿಲ್ಲ."

ಮೇಷ್ಟ್ರು ಉಸಿರಾಡಿದರು. ಮಗ್ಗಿ ನಡೆಯುತ್ತಿರುವ ತನಕ ಕತ್ತಲೆಗೆ ಒಂದು ಅಂಚು ಇದ್ದ ಹಾಗಿತ್ತು.

"ಮೊದಲು ಒಂದು ಸಾದಾ ಪ್ರಿಂಟ್ ತೆಗಿ," ಎಂದಳು ತಂಗಿ. ಆಮೇಲೆ, "ಅದನ್ನ ನೋಡಿ ಕೂಗಾಡಬೇಡ," ಎಂದಳು.

ಅವಳು ಹೇಳಿದಂತೆ ಅವರು ನೆಗೆಟಿವನ್ನು ಎನ್‌ಲಾರ್ಜರಿಗೆ ಸೇರಿಸಿದರು, ಕೆಳಗೆ ಕಾಗದ ಇಟ್ಟರು, ಅದರ ದೀಪ ಹಾಕಿದರು. ಹದಿಮೂರರ ಮಗ್ಗಿ ಎರಡು ಸಲ. ಕಾಗದವನ್ನು ಮೊದಲ ಟ್ರೇಗೆ ಇಳಿಸಿ, ಟ್ರೇಯ ಮೂಲೆ ಹಿಡಿದು ತೊಟ್ಟಿಲಂತೆ ತೂಗಿದರು. ಬಿಳಿ ಕಾಗದದಲ್ಲಿ ಮೊದಲು ಕಲ್ಲುಹಾಸು ಬಂತು. ಆಮೇಲೆ ಕಂಬಗಳು, ಹತ್ತಿರದವು ಮೊದಲು, ಸರದಿಯಲ್ಲಿ ನಿಂತವರಂತೆ ಒಂದರ ಹಿಂದೊಂದು. ಆಮೇಲೆ ಅಕ್ಕಿಕಾಳು ಉಳಿದು, ಅದರ ಸುತ್ತ ಕಪ್ಪಾಗಬೇಕಿತ್ತು.

ಆಗಲಿಲ್ಲ. ಅಕ್ಕಿಕಾಳಿನ ಹಿಂದೆ ಒಂದು ಗಲ್ಲ ಬಂತು. ಎರಡು ಕೈ, ಕೈಯಲ್ಲಿ ಲಾಂದ್ರ. ಉದ್ದ ಜಡೆ. ನೆಟ್ಟಗೆ ನಿಂತ ಇಪ್ಪತ್ತಮೂರು ವರ್ಷದ ಹುಡುಗಿ.

ಮೇಷ್ಟ್ರು ಟ್ರೇ ತೂಗುವುದನ್ನು ನಿಲ್ಲಿಸಿದರು.

"ಇನ್ನೂ ತೂಗು," ಎಂದಳು ತಂಗಿ. "ಇಲ್ಲಾಂದ್ರೆ ಕಲೆ ಆಗುತ್ತೆ."

ಮೇಷ್ಟ್ರಿಗೆ ಆ ದಿನ ನೆನಪಾಯಿತು. ನೆನಪಾಯಿತೆಂದರೆ, ಅವರು ಪಾಠದಲ್ಲಿ ಹೇಳುತ್ತ ಬಂದ ದಿನವಲ್ಲ, ನಡೆದ ದಿನ.

ಆಗ ಕ್ಯಾಮೆರಾ ಎಂದರೆ ಎರಡು ಕೈಯಲ್ಲಿ ಎತ್ತುವ ಪೆಟ್ಟಿಗೆ. ಬಸ್ಸಿನಲ್ಲಿ ಅದಕ್ಕೊಂದು ಸೀಟು, ಅಣ್ಣ ತಂಗಿಗೆ ಸೇರಿ ಒಂದು. ಕರಿ ಬಟ್ಟೆಯೊಳಗೆ ತಲೆ ತೂರಿಸಿದರೆ ಹಿಂದಿನ ಗಾಜಿನ ಮೇಲೆ ಇಡೀ ಜಗತ್ತು ತಲೆಕೆಳಗು, ಅದೂ ಮಬ್ಬು ಮಬ್ಬು. ಅಂಥ ಕತ್ತಲ ಹಾಲಿನಲ್ಲಿ ಚಿತ್ರ ಎಲ್ಲಿ ಚೂಪಾಗಿದೆಯೆಂದು ತಿಳಿಯುವುದು ಹೇಗೆ? ಅದಕ್ಕೆ ಅವರದೊಂದು ಉಪಾಯವಿತ್ತು. ಕಣ್ಣು ಕೂರಬೇಕಾದ ಜಾಗದಲ್ಲಿ ತಂಗಿ ಲಾಂದ್ರ ಹಿಡಿದು ನಿಲ್ಲಬೇಕು. ಗಾಜಿನಲ್ಲಿ ಅವಳು ಬಾವಲಿಯಂತೆ ತಲೆಕೆಳಗಾಗಿ ನೇತಾಡುತ್ತಿದ್ದಳು. ಅವಳ ದೀಪದ ಬತ್ತಿ ಚೂಪಾಗುವವರೆಗೆ ಅಣ್ಣ ತಿರುಪು ತಿರುಗಿಸುತ್ತಿದ್ದ. ದೊಡ್ಡ ಕಟ್ಟಡಗಳಲ್ಲಿ ಕೂಗಿದರೆ ಮಾತು ಗುಂಯ್‌ಗುಟ್ಟಿ ಕಲಸಿಹೋಗುತ್ತದೆ. ಹಾಗಾಗಿ ಬೆರಳಿಟ್ಟು ಶಿಳ್ಳೆ. ಒಂದು ಶಿಳ್ಳೆಗೆ ಅಲ್ಲಾಡದೆ ನಿಲ್ಲು. ಎರಡು ಶಿಳ್ಳೆಗೆ ದೀಪ ಆರಿಸಿ ಪಕ್ಕದ ಬಾಗಿಲಿಂದ ಆಚೆ ಹೋಗು. ಅವಳು ಆಚೆ ಹೋದ ಮೇಲೆ ಷಟರ್ ತೆರೆಯುವುದು.

ಆ ದಿನ ಅಪ್ಪಣೆ ಸಿಕ್ಕಿದ್ದು ನಾಲ್ಕು ಗಂಟೆಯವರೆಗೆ. ಉಳಿದಿದ್ದದ್ದು ಒಂದೇ ಫಿಲ್ಮು. ಒಂದು ಶಿಳ್ಳೆ ಹಾಕಿ, ತಿರುಪು ತಿರುಗಿಸಿ, ಫಿಲ್ಮು ಸೇರಿಸಿದ ಕ್ಷಣಕ್ಕೆ ಬಾಗಿಲಿನಿಂದ ಕಚೇರಿಯ ದೊಡ್ಡ ಅಧಿಕಾರಿ ಕರೆದ. "ಏನಪ್ಪ, ಖಾಲಿ ಕಟ್ಟಡದಲ್ಲಿ ಏನಿದೆ ಅಂತ ತೆಗೀತೀಯ?" ಇಂಥ ಪ್ರಶ್ನೆ ಕೇಳಿದವರನ್ನು ಅಣ್ಣ ಸುಮ್ಮನೆ ಬಿಟ್ಟದ್ದಿಲ್ಲ. ಷಟರ್ ತೆರೆದವನೇ ಹೊರಗಿನ ಮೆಟ್ಟಿಲಿಗೆ ಹೋಗಿ, ಕಣ್ಣು ಮತ್ತು ಮಣೆಯ ಸಿದ್ಧಾಂತವನ್ನು ಕೈಗಡಿಯಾರ ನೋಡಿಕೊಂಡು ಹನ್ನೊಂದು ನಿಮಿಷ ವಿವರಿಸಿದ. ಅದೇ ಅವನ ಮೊದಲ ಉಪನ್ಯಾಸ. ಬಿಸಿಲಿನಿಂದ ಒಳಗೆ ಓಡಿಬಂದಾಗ ಕಣ್ಣು ಕತ್ತಲೆ. ತಡವಿ ಷಟರ್ ಮುಚ್ಚಿದ. ಸ್ಟ್ಯಾಂಡಿನ ಕಾಲು ಮಡಚುತ್ತ, "ಏ, ಆಯ್ತು, ಬಾರೇ!" ಎಂದು ಅರಚಿದ. ದೂರದಲ್ಲಿ ಒಂದು ದೀಪ ಆರಿತು.

ಎರಡು ಶಿಳ್ಳೆ ಅವನು ಹಾಕಿರಲೇ ಇಲ್ಲ.

"ಪೂರ್ತಿ ಹನ್ನೊಂದು ನಿಮಿಷ ನಿಂತಿದ್ದೆಯೇನೆ?" ಎಂದರು ಮೇಷ್ಟ್ರು.

"ನೀನು ಹೋಗು ಅನ್ನಲಿಲ್ಲವಲ್ಲ. ಎರಡರ ಮಗ್ಗಿಯಿಂದ ಶುರು ಮಾಡಿ, ಒಂದೊಂದನ್ನೂ ಎರಡೆರಡು ಸಲ ಹೇಳಿ, ಇಪ್ಪತ್ತೊಂಬತ್ತರ ತನಕ ಹೋಗಿದ್ದೆ. ಮೂವತ್ತು ಸುಲಭ ಅಂತ ಬಿಟ್ಟೆ."

"ಹೇಳಬಾರದಿತ್ತಾ?"

"ಹೇಳೋಣ ಅಂತಲೇ ಇದ್ದೆ. ನೆಗೆಟಿವ್ ನೋಡಿ ಎದೆ ಧಸಕ್ ಅಂತು. ಇದ್ದದ್ದು ಒಂದೇ ಫಿಲ್ಮು, ಅಪ್ಪಣೆಯೂ ಮುಗಿದಿತ್ತು. ಅಪ್ಪ ಬೇರೆ 'ಈ ಸಲ ಏನೂ ಆಗಲಿಲ್ಲ ಅಂದ್ರೆ ಗುಮಾಸ್ತೆ ಕೆಲಸಕ್ಕೆ ಹೋಗು' ಅಂದಿದ್ರು. ಅದಕ್ಕೆ ನನ್ನನ್ನ ಕಪ್ಪಲ್ಲಿ ಮುಳುಗಿಸಿದೆ. ದೀಪ ಮುಳುಗಿಸೋಕೆ ಆಗಲಿಲ್ಲ, ಉಳಿಸಿದೆ. ನೀನು ಪ್ರಿಂಟ್ ನೋಡಿ ಮನೆ ತುಂಬ ಕುಣಿದೆ. ಸೂರ್ಯ ಬಂದ ಅಂದೆ. ಸರಿ, ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಪತ್ರಿಕೆಯವರು ಬಂದ್ರು. ಆಚೆ ತಿಂಗಳು ಬಹುಮಾನ ಬಂತು. ಹೇಳೋ ದಿನ ದಾಟಿಹೋಯ್ತು ಅಣ್ಣ. ದಾಟಿದ ಮೇಲೆ ಹೇಳಿದ್ರೆ ಅದು ಸುದ್ದಿ ಆಗಲ್ಲ, ಜಗಳ ಆಗುತ್ತೆ."

ಅವಳು ಸ್ಟೂಲಿನ ಕೆಳಗಿನಿಂದ ಒಂದು ಬಿಸ್ಕೆಟ್ ಡಬ್ಬಿ ಎಳೆದು ಮುಚ್ಚಳ ತೆಗೆದಳು. ಒಳಗೆ ಅಂಗೈಯಗಲದ ಕಪ್ಪು ರಟ್ಟು. ನಡುವೆ ಬ್ಲೇಡಿನಿಂದ ಕೊರೆದ ತೂತು: ಜಡೆಯ ಸಮೇತ ನೆಟ್ಟಗೆ ನಿಂತ ಒಬ್ಬ ಹುಡುಗಿಯ ಆಕಾರ, ಹೆಬ್ಬೆರಳ ಉಗುರಿನಷ್ಟು. ಅದರ ನಡುವೆ ಸೂಜಿಯಂಥ ತಂತಿಗೆ ಅಂಟಿಸಿದ ಚುಕ್ಕೆ ಕಾಗದ.

"ಸಾದಾ ಬೆಳಕು ಕೊಟ್ಟ ಮೇಲೆ, ಕಾಗದಕ್ಕೂ ದೀಪಕ್ಕೂ ನಡುವೆ ಇದನ್ನ ಹಿಡಿದು ಏಳರ ಮಗ್ಗಿ ಆರು ಸಲ ಬೆಳಕು ಬಿಡಬೇಕು. ತೂತಿನ ಮೂಲಕ ಬಿದ್ದಷ್ಟೂ ಅಲ್ಲಿ ಕಪ್ಪಾಗುತ್ತೆ. ನಾನು ಹೋಗ್ತೀನಿ. ಚುಕ್ಕೆ ಅಡ್ಡ ಇರೋದ್ರಿಂದ ದೀಪ ಉಳಿಯುತ್ತೆ. ಅಲುಗಾಡಿಸ್ತಾನೇ ಇರಬೇಕು, ಇಲ್ಲಾಂದ್ರೆ ಅಂಚು ಕಾಣುತ್ತೆ. ಜಾಸ್ತಿ ಅಲುಗಿಸಿದ್ರೆ ಪಕ್ಕದ ಕಂಬ ಕರಗುತ್ತೆ. ಹಿಡಿ."

ಮೇಷ್ಟ್ರು ಹಿಡಿಯಲಿಲ್ಲ. ತೊಳೆಯುವ ಟ್ರೇಯಿಂದ ಸಾದಾ ಪ್ರಿಂಟನ್ನು ಎತ್ತಿ ಬಾಗಿಲು ತೆರೆದು, ಹಗಲ ಬೆಳಕಿನಲ್ಲಿ ಮೆಟ್ಟಿಲಿಗೆ ಒರಗಿಸಿ, ಐದು ಹೆಜ್ಜೆ ಹಿಂದೆ ಸರಿದು ನೋಡಿದರು. ಬೇರೆಯವರ ಚಿತ್ರವನ್ನು ಕೆಡವಿ ಹಾಕುವಾಗ ನೋಡುತ್ತಿದ್ದ ಕಣ್ಣಿನಿಂದ. ಕಂಬಗಳು ಕಿರಿದಾಗುತ್ತ ಹೋದವು, ಬೆಳಕು ಕರೆಯಿತು, ಬೆಳಕಿನಿಂದ ಕಣ್ಣು ಗಲ್ಲಕ್ಕೆ ಏರಿ ಅಲ್ಲಿ ಕೂತಿತು. ಏಳಲಿಲ್ಲ. ಎರಡನೆಯ ಮಣೆ ಹಾಕಿದಂತಾಗಿರಲಿಲ್ಲ. ಇದ್ದ ಮಣೆಯ ಮೇಲೆ ಇಷ್ಟು ದಿನ ಯಾರೂ ಇರಲಿಲ್ಲವೆಂದು ಈಗ ತಿಳಿಯುತ್ತಿತ್ತು.

"ಇದೇ ಚೆನ್ನಾಗಿದೆ," ಎಂದರು. ಹೇಳುವುದು ಸುಲಭವಾಗಿರಲಿಲ್ಲ.

"ಏನು ಚೆನ್ನಾಗಿದೆ, ಮಣ್ಣು! ಹಿಂದಿನ ಗೋಡೆ ಬೂದಿ ಬಳಿದ ಹಾಗಿದೆ."

"ನೀನಿದ್ದೀಯ ಅದರಲ್ಲಿ."

"ನಿಂತಿದ್ದೇನು ದೊಡ್ಡದು? ಕಂಬಾನೂ ನಿಂತಿತ್ತು." ತಂಗಿಯ ದನಿ ಏರಿತು. "ಆ ಕಪ್ಪು ನಾನು ಮಾಡಿದ್ದು ಅಣ್ಣ. ಮೂರು ಪ್ರಿಂಟಿಗೆ ಮೂವತ್ತು ಕಾಗದ ಹಾಳುಮಾಡಿ ಮಾಡಿದ್ದು. ಯಾರ ಕಣ್ಣಿಗೂ ಗೊತ್ತಾಗಲಿಲ್ಲ, ಎದುರಿಗೇ ತೂಗುಹಾಕ್ಕೊಂಡಿದ್ದ ನಿನ್ನ ಕಣ್ಣಿಗೂ ಗೊತ್ತಾಗಲಿಲ್ಲ. ಅದು ಕೆಲಸ. ಇದು ತಪ್ಪು. ನಿನ್ನ ತಪ್ಪು. ಅದನ್ನ ಗೋಡೆಗೆ ಹಾಕ್ತಾರಾ ಯಾರಾದ್ರೂ?"

ವಾದದಲ್ಲಿ ಸೋತಾಗ ತಂಗಿ ಹೇಳಿದ್ದನ್ನು ಮಾಡುವುದು ಆ ಮನೆಯ ಪದ್ಧತಿ. ರಟ್ಟು ಕೈಗೆ ತೆಗೆದುಕೊಂಡು ಮತ್ತೆ ಒಳಗೆ ಹೋದರು.

ಮಂಗಳವಾರ ಹೋಯಿತು, ಬುಧವಾರ ಹೋಯಿತು. ಮೊದಲ ಪ್ರಿಂಟಿನಲ್ಲಿ ಹುಡುಗಿಯ ಸುತ್ತ ಕಾಡಿಗೆ ತೀಡಿದ ಹಾಗೆ ಅಂಚು. ಎರಡನೆಯದರಲ್ಲಿ ಹುಡುಗಿ ಹೋಗಿ ಜಡೆ ಉಳಿಯಿತು. ಮೂರನೆಯದರಲ್ಲಿ ಎಲ್ಲ ಸರಿಯಾಗಿ ದೀಪವೇ ನಂದಿಹೋಯಿತು. "ಇದಕ್ಕೆ ಅಣ್ಣ ಅಂತ ಹೆಸರಿಡು," ಎಂದಳು ತಂಗಿ. ನಾಲ್ಕನೆಯದರಲ್ಲಿ ಕಂಬ ಕರಗಿತು. ಸ್ಟೂಲಿನಿಂದ ಏಳರ ಮಗ್ಗಿ ಒಂದೇ ಸಮ ಬರುತ್ತಿತ್ತು, ಮಧ್ಯೆ ಮಧ್ಯೆ ಬೈಗುಳದ ಸಮೇತ: "ಏಳೈದ್ಲ ಮೂವತ್ತೈದು, ಮೊಣಕೈ ಇಳಿಸೋ, ಏಳಾರ್ಲ ನಲವತ್ತೆರಡು…" ಗುರುವಾರ ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರಿಗೆ ಎರಡು ವಿಷಯ ಅರಿವಾಯಿತು. ಒಂದು, ಮೂರು ದಿನದಿಂದ ಅವರು ಕತ್ತಲಲ್ಲೇ ಇದ್ದರು, ಮೊದಲ ಸಲ ಬಿಟ್ಟರೆ ಒಮ್ಮೆಯೂ ಹೆದರಿ ಚಿಲಕ ಹುಡುಕಿರಲಿಲ್ಲ. ಇನ್ನೊಂದು, ಆ ಕಪ್ಪು ಅವರ ಕೈಯಿಂದ ಇನ್ನು ಹತ್ತು ವರ್ಷಕ್ಕೂ ಆಗುವುದಿಲ್ಲ.

ಹದಿನೇಳನೆಯ ಕಾಗದ ಹಾಳಾದಾಗ ತಂಗಿ ಮಗ್ಗಿ ನಿಲ್ಲಿಸಿದಳು. ತನ್ನ ಎರಡೂ ಕೈಯನ್ನು ಕೆಂಪು ದೀಪದ ಎದುರು ಹಿಡಿದು, ಅವು ಅದುರುವುದನ್ನು ನೋಡಿದಳು. "ಹೋಗಲಿ ಬಿಡು," ಎಂದಳು. "ನನ್ನಿಂದಲೂ ಆಗಲ್ಲ, ನಿನ್ನಿಂದಲೂ ಆಗಲ್ಲ. ಬಣ್ಣದ್ದೇ ಹಾಕ್ಕೊಳ್ಲಿ."

"ಸಾದಾದು ಕೊಡ್ತೀನಿ," ಎಂದರು ಮೇಷ್ಟ್ರು.

"ಆಮೇಲೆ ಕೇಳ್ತಾರಲ್ಲ, ಇದ್ಯಾರು ಅಂತ? ನಿನ್ನ ಸೂರ್ಯನ ಕಥೆ ಏನಾಗುತ್ತೆ? ನಲವತ್ತೈದು ವರ್ಷ ಹುಡುಗರಿಗೆ ಅದನ್ನೇ ಹೇಳಿದ್ದೀಯ."

"ಆಗೋದು ಆಗುತ್ತೆ. ಆ ರಟ್ಟನ್ನೂ ಕೊಡು. ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಇಡೋದಕ್ಕೆ ಹೇಳ್ತೀನಿ. ಹಳೇ ಹಳದಿ ಪ್ರಿಂಟೂ ಅದರ ಹತ್ತಿರ ಇರಲಿ. ತಪ್ಪು ನಂದು, ಕಪ್ಪು ನಿಂದು. ಎರಡೂ ನೋಡ್ಲಿ."

ತಂಗಿ ರಟ್ಟನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ ಅವರ ಕೈಗಿಟ್ಟಳು. ಆಮೇಲೆ, "ಹಾಗಾದ್ರೆ ಸಾದಾದ್ದನ್ನ ಇನ್ನೊಂದು ಸಲ ತೆಗಿ," ಎಂದಳು. "ಎಡಗಡೆ ಕೆಳಗೆ ಏಳರ ಮಗ್ಗಿ ಎರಡು ಸಲ ಜಾಸ್ತಿ. ಜನ ನೋಡೋದಾದ್ರೆ ನೆಟ್ಟಗಾದ್ರೂ ಇರಲಿ."

ಪ್ರದರ್ಶನ ಶುರುವಾದ ಸಂಜೆ ಹಾಲಿನ ತುಂಬ ಕುರ್ಚಿ ಹಾಕಿದ್ದರು. ತಲೆ ನರೆತ ಹಳೆಯ ಶಿಷ್ಯರು ಬಂದಿದ್ದರು. ನಕ್ಷೆ ತಂದಿದ್ದವನೂ ಬಂದಿದ್ದ, ಈಗ ಅವನಿಗೇ ಮೊಮ್ಮಗಳು. ಹಾಲಿನ ಆ ತುದಿಯ ಗೋಡೆಯಲ್ಲಿ ಚಿತ್ರ. ಅದರ ಕೆಳಗಿನ ಚೀಟಿಯಲ್ಲಿ ಮೊದಲ ಬಾರಿಗೆ ಎರಡು ಹೆಸರು. ತಂಗಿ ಕುರ್ಚಿಗೆ ಬರಲು ಒಪ್ಪದೆ ಚಿತ್ರದ ಪಕ್ಕದಲ್ಲೇ, ಕೋಲು ಊರಿಕೊಂಡು, ಎಡಗಡೆಯ ಕೆಳಮೂಲೆಯನ್ನು ಅನುಮಾನದಿಂದ ನೋಡುತ್ತ ನಿಂತಿದ್ದಳು. ಈ ತುದಿಯಲ್ಲಿ ಮೇಷ್ಟ್ರ ಎದುರು ಮೈಕು.

"ಸರ್, ಆ ಬೆಳಕಿನ ಕಥೆ ಹೇಳಿ," ಎಂದರು ಮೇಡಂ.

ಮೇಷ್ಟ್ರು ಎದ್ದರು. ನಲವತ್ತೈದು ವರ್ಷದ ಅಭ್ಯಾಸದಿಂದ 'ಕಾಯಬೇಕು' ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು; ನುಂಗಿದರು.

"ಸೂರ್ಯ ಬರಲಿಲ್ಲ," ಎಂದರು. "ಅಲ್ಲಿ ನಿಂತಿರೋದು ನನ್ನ ತಂಗಿ. ಹೋಗು ಅಂತ ಎರಡು ಶಿಳ್ಳೆ ಹಾಕಬೇಕಿತ್ತು. ನಾನು ಹೊರಗೆ ಭಾಷಣ ಮಾಡ್ತಾ ಮರೆತೆ. ಕಾದವಳು ಅವಳು." ಮುಂದಿನ ಸಾಲಿನಲ್ಲಿ ನಕ್ಷೆಯವನನ್ನು ಹುಡುಕಿದರು. "ನಿನಗೆ ಅಂಕ ಕಮ್ಮಿ ಹಾಕಿದ್ದೆ ಕಣಪ್ಪ. ಈಗ ಸರಿಮಾಡೋಕೆ ರಿಜಿಸ್ಟರೇ ಇಲ್ಲ."

ಜನ ನಕ್ಕರು. ಮೇಷ್ಟ್ರು ಮೈಕು ಬದಿಗೆ ಸರಿಸಿ, ಎರಡು ಬೆರಳು ಬಾಯಿಗಿಟ್ಟು, ಜೋರಾಗಿ ಊದಿದರು. ಕಟ್ಟಿಸಿದ ಹಲ್ಲು, ಗಾಳಿ ಬಂತು, ಸದ್ದು ಬರಲಿಲ್ಲ. ಇನ್ನೊಮ್ಮೆ ಊದಿದರು. ಅದೂ ಪುಸ್.

ಆ ತುದಿಯಲ್ಲಿ ತಂಗಿ ತಲೆ ಎತ್ತಿದಳು. ಬೆರಳು ಬಾಯಲ್ಲಿರುವುದು ಅಲ್ಲಿಂದಲೂ ಕಾಣುತ್ತಿತ್ತು. ಅವಳು ಕೋಲು ಮುಂದಿಟ್ಟು ನಿಧಾನಕ್ಕೆ, ಎರಡು ಸಾಲು ಕುರ್ಚಿಗಳ ನಡುವೆ, ನಡೆಯತೊಡಗಿದಳು. ಹಾಲು ಉದ್ದವಿತ್ತು. ಎಲ್ಲರ ಕಣ್ಣೂ ಅವಳ ಮೇಲೆ ಕೂತಿತ್ತು. ಹತ್ತಿರ ಬಂದವಳು ಅಣ್ಣನ ಪಕ್ಕದ ಖಾಲಿ ಕುರ್ಚಿಯ ಮೇಲೆ ಕೂತು, ಮೊಣಕಾಲು ಒತ್ತಿಕೊಂಡಳು.

"ಎಷ್ಟೊತ್ತು ನಿಲ್ಲಿಸೋದು?" ಎಂದಳು. "ಕಾಲು ಜೋಮು ಹಿಡಿದಿದೆ."